ಕೇಳಲು ನಾಚಬೇಡಿ



ಕಂಪ್ಯೂಟರ್ ಕಲಿಯಲು ಹೊರಟ ನಮ್ಮ ಭಾಗದ ಎಷ್ಟೋ ಮಕ್ಕಳು ಮೊದಲ ತಪ್ಪಿಗೇ ಕೈಚೆಲ್ಲುತ್ತಾರೆ. 1987ರಲ್ಲಿ ಲ್ಯಾರಿ ವಾಲ್ ರೂಪಿಸಿದ ಪರ್ಲ್ ಭಾಷೆಯನ್ನೇ ನೋಡಿರಿ. ಇಂಡಿ, ಸಿಂದಗಿ ಎಂಬ ಹೆಸರುಗಳ ನಡುವೆ ಎರಡು ಸಮಚಿಹ್ನೆ ಹಾಕಿ ‘ಎರಡೂ ಒಂದೇನು?’ ಎಂದರೆ ‘ಹೌದು’ ಎನ್ನುತ್ತದೆ! ಆ ಚಿಹ್ನೆ ಅಂಕಿಗಳಿಗಾಗಿ ಇರುವುದು. ಅದಕ್ಕೆ ಎರಡೂ ಹೆಸರು ಸೊನ್ನೆ. ಹೆಸರು ಹೋಲಿಸಲು ‘ಇ, ಕ್ಯೂ’ ಎಂಬ ಎರಡಕ್ಷರ ಬೇಕು. ಮೊದಲಿಗೇ ‘ಯೂಸ್ ವಾರ್ನಿಂಗ್ಸ್’ ಎಂದು ಬರೆದಿದ್ದರೆ ಪರ್ಲ್ ತಾನೇ ಎಚ್ಚರಿಸುತ್ತದೆ.

ಬಲ್ಲವರಿಗೆ ಇದು ನಿಮಿಷದ ಮಾತು, ಅರಿಯದವರಿಗೆ ಇಡೀ ರಾತ್ರಿಯ ಚಿಂತೆ. ಮಕ್ಕಳೇ, ಏನು ಬರೆದಿರಿ, ಏನು ಬಂತು, ಏನು ಬರಬೇಕಿತ್ತು, ಈ ಮೂರನ್ನೂ ಹೇಳಿ ಕೇಳಿರಿ. ಬೆಂಗಳೂರು, ಪುಣೆ ಸೇರಿದ ಹಳೆಯ ವಿದ್ಯಾರ್ಥಿಗಳೇ, ‘ಇಷ್ಟೂ ಗೊತ್ತಿಲ್ಲವೇ?’ ಎನ್ನದೆ ಹೇಳಿಕೊಡೋಣ. ಈ ಶಾಲೆಯ ಋಣ ತೀರುವುದು ಹಾಗೆಯೇ.