ಮಾತ್ರೆ ಮೊದಲೋ, ಪೆಟ್ಟು ಮೊದಲೋ?

(ಕುಟುಂಬ ಸಮಾಲೋಚಕಿಯರ ತರಬೇತಿ ಶಿಬಿರವೊಂದರಲ್ಲಿ ಆಡಿದ ಮಾತುಗಳ ಬರಹರೂಪ)

ವರದಿ ಬರೆಯುವುದು ಹೇಗೆಂದು ಹೇಳಿಕೊಡಲು ನನ್ನನ್ನು ಕರೆದಿದ್ದೀರಿ. ನಾನು ಕೆಟ್ಟದಾಗಿ ಬರೆದ ಒಂದು ವರದಿಯಿಂದಲೇ ಶುರು ಮಾಡುತ್ತೇನೆ. ಅದು ಕೋರ್ಟಿಗೆ ಹೋಗುವ ಮೊದಲೇ ಹರಿದು ಹಾಕಿದೆ. ಹರಿಯದೆ ಹಾಗೇ ಕೊಟ್ಟಿದ್ದರೆ ಎರಡು ವರ್ಷದ ಹೆಣ್ಣುಮಗುವೊಂದು ತಾಯಿಯ ಕೈತಪ್ಪಿ ಹೋಗುತ್ತಿತ್ತು.

ಆ ತಾಯಿಗೆ 22 ವರ್ಷ. ಬೆಂಗಳೂರಿನಲ್ಲಿ ಗಾರ್ಮೆಂಟ್ಸ್ ಕೆಲಸಕ್ಕೆ ಹೋಗುತ್ತಿದ್ದವಳು. ಅವಳ ಹೆಸರು ಇಲ್ಲಿ ಬೇಡ. ನೋವಿನ ಮಾತ್ರೆಯ ಚಟಕ್ಕೆ ಬಿದ್ದು, ಮೂರು ವಾರ ಆಸ್ಪತ್ರೆಯಲ್ಲಿದ್ದು, ಹೊರಬಂದ ಮೇಲೆ ಅಕ್ಕನ ಮನೆ ಸೇರಿದ್ದಳು. ಮಗು ಗಂಡನ ಮನೆಯಲ್ಲಿತ್ತು. 2005ರ ಕೌಟುಂಬಿಕ ದೌರ್ಜನ್ಯ ಕಾಯ್ದೆಯ 21ನೇ ಕಲಂ ಅಡಿ, ಮಗುವನ್ನು ತಾತ್ಕಾಲಿಕವಾಗಿ ತನ್ನ ವಶಕ್ಕೆ ಕೊಡಿಸಬೇಕೆಂದು ಅವಳು ಅರ್ಜಿ ಹಾಕಿದ್ದಳು. 'ಇವಳು ಮಾದಕ ವ್ಯಸನಿ. ಒಡವೆಯನ್ನೆಲ್ಲ ಮಾರಿ ಮಾತ್ರೆ ನುಂಗಿದ್ದಾಳೆ. ಇವಳ ಕೈಗೆ ಮಗು ಕೊಟ್ಟರೆ ಉಳಿಯುವುದಿಲ್ಲ' ಎಂಬುದು ಗಂಡನ ಕಡೆಯವರ ತಕರಾರು. ಇಂಥ ಪ್ರಕರಣದಲ್ಲಿ ಮ್ಯಾಜಿಸ್ಟ್ರೇಟರು ಕುಟುಂಬ ಕಲ್ಯಾಣದ ಕೆಲಸ ಮಾಡುವವರ, ಅದರಲ್ಲೂ ಮಹಿಳೆಯೊಬ್ಬಳ ನೆರವು ಪಡೆಯಬಹುದೆಂದು ಅದೇ ಕಾಯ್ದೆಯ 15ನೇ ಕಲಂ ಹೇಳುತ್ತದೆ. ಹಾಗೆ ಆ ಕೆಲಸ ನನ್ನ ಪಾಲಿಗೆ ಬಂತು.

ಮೊದಲು ಗಂಡನ ಮನೆಗೆ ಹೋದೆ. ಎರಡು ಕೋಣೆಯ ಚೊಕ್ಕ ಮನೆ. ಅತ್ತೆ ಕಾಫಿ ಕೊಟ್ಟರು, ಮಾತು ಮಾತಿಗೂ ಕಣ್ಣೊರೆಸಿಕೊಂಡರು. ಮಗು ಮೈಕೈ ತುಂಬಿಕೊಂಡಿತ್ತು. ಆಮೇಲೆ ಅಕ್ಕನ ಮನೆಗೆ ಹೋದೆ. ಶೀಟು ಹೊದಿಸಿದ ಒಂದೇ ಕೋಣೆ, ಅದರಲ್ಲಿ ಐದು ಜನ. ನಾನು ಕೇಳಿದ್ದಕ್ಕೆಲ್ಲ ಅವಳು ತಲೆ ತಗ್ಗಿಸಿಕೊಂಡು 'ಹೂಂ', 'ಇಲ್ಲ' ಎಂದಷ್ಟೇ ಹೇಳಿದಳು. ನಾನು ಬರೆದೆ: 'ತಂದೆಯ ಮನೆಯ ವಾತಾವರಣ ಉತ್ತಮವಾಗಿದೆ. ತಾಯಿ ಪ್ರಶ್ನೆಗಳಿಗೆ ಸರಿಯಾಗಿ ಸ್ಪಂದಿಸುವುದಿಲ್ಲ. ಹದಿನೈದು ತಿಂಗಳ ವ್ಯಸನದ ಹಿನ್ನೆಲೆ ಇದೆ.'

ನಮ್ಮ ಸಂಸ್ಥೆಯ ಹಿರಿಯ ಗೆಳತಿಯೊಬ್ಬರು ಅದನ್ನು ಓದಿ ಎರಡೇ ಪ್ರಶ್ನೆ ಕೇಳಿದರು. "ಮಾತ್ರೆ ಶುರುವಾಗಿದ್ದು ಯಾವ ತಿಂಗಳು? ಒಡವೆ ಹೋಗಿದ್ದು ಯಾವ ತಿಂಗಳು?" ನನಗೆ ಗೊತ್ತಿರಲಿಲ್ಲ. "ಇಪ್ಪತ್ತು ವರ್ಷದಿಂದ ಹೆಂಗಸರ ಪರ ಅಂತ ಘೋಷಣೆ ಕೂಗ್ತೀಯ. ಅವಳ ಅತ್ತೆ ಹೇಳಿದ್ದನ್ನೇ ಶುದ್ಧ ಕನ್ನಡದಲ್ಲಿ ಬರೆದುಕೊಂಡು ಬಂದಿದ್ದೀಯ" ಎಂದರು. ನಾಚಿಕೆಯಾಯಿತು. ಅವರ ಮಾತು ನಿಜವಾಗಿತ್ತು.

ಮತ್ತೆ ಹೋದೆ. ಈ ಸಲ ಪ್ರಶ್ನೆಗಳ ಪಟ್ಟಿ ಒಯ್ಯಲಿಲ್ಲ. ಮನೆಯಲ್ಲಿರುವ ಕಾಗದಪತ್ರ ಎಲ್ಲ ತೆಗೆಯಮ್ಮಾ ಎಂದೆ. ಪ್ಲಾಸ್ಟಿಕ್ ಚೀಲವೊಂದನ್ನು ತಂದು ನೆಲದ ಮೇಲೆ ಸುರಿದಳು. ಹೆರಿಗೆಯ ತಾಯಿ ಕಾರ್ಡು, ಆಸ್ಪತ್ರೆಯ ಚೀಟಿಗಳು, ಒಡವೆ ಸಾಲದ ಎರಡು ರಸೀತಿ. ಇಬ್ಬರೂ ಕೂತು ತಾರೀಖಿನ ಪ್ರಕಾರ ಜೋಡಿಸಿದೆವು. ಆಗ ಅವಳು ಮಾತಾಡಿದಳು.

ಒಡವೆ ಅಡವಿಟ್ಟಿದ್ದು ಹೆರಿಗೆಗೆ ಮೂರು ತಿಂಗಳ ಮೊದಲು, ಗಂಡನ ಹೆಸರಿನಲ್ಲಿ. ಆಟೋ ಕೊಳ್ಳಲು ತವರಿನಿಂದ ಇನ್ನೂ ಹಣ ತಾ ಎಂದು ಪೀಡಿಸಿ, ಬರಲಿಲ್ಲವೆಂದಾಗ ಮೈಮೇಲಿದ್ದದ್ದನ್ನು ಬಿಚ್ಚಿಸಿಕೊಂಡಿದ್ದರು. ಹೆರಿಗೆ ಸಿಸೇರಿಯನ್ ಆಯಿತು. ಅದಾಗಿ ಎರಡು ತಿಂಗಳಿಗೆ, ಮತ್ತೆ ಅದೇ ಹಣದ ಜಗಳದಲ್ಲಿ, ಗಂಡ ತಳ್ಳಿದ ರಭಸಕ್ಕೆ ಬಟ್ಟೆ ಒಗೆಯುವ ಕಲ್ಲಿಗೆ ಬೆನ್ನು ಬಡಿಯಿತು. ಕೂರಲಾಗಲಿಲ್ಲ, ಮಗುವನ್ನು ಎತ್ತಿಕೊಳ್ಳಲಾಗಲಿಲ್ಲ.

"ಮಾತ್ರೆ ಯಾರು ತಂದಿದ್ದು?" ಎಂದು ಕೇಳಿದೆ.

"ಅವರೇ ತಂದ್ಕೊಟ್ರು ಮೇಡಂ. ಆಸ್ಪತ್ರೆಗೆ ಹೋದ್ರೆ ಹೆಂಗಾಯ್ತು ಅಂತ ಕೇಳ್ತಾರೆ, ಬ್ಯಾಡ ಅಂದ್ರು."

ಅದು ಟ್ರಮಡಾಲ್. ಅಫೀಮಿನ ಗುಣವಿರುವ ನೋವಿನ ಔಷಧಿ. 2018ರ ಏಪ್ರಿಲ್‌ನಲ್ಲಿ ಅದನ್ನು ಮಾದಕ ವಸ್ತು ಕಾಯ್ದೆಯ ಅಡಿ ತಂದಿದ್ದಾರೆ. ಡಾಕ್ಟರ ಚೀಟಿಯಿಲ್ಲದೆ ಕೊಡುವಂತಿಲ್ಲ. ಆದರೂ ಅವಳಿಗೆ ಸಿಕ್ಕಿತು. ಮೊದಲು ನೋವಿಗೆ ಒಂದು, ಆಮೇಲೆ ನಿದ್ದೆಗೆ ಎರಡು. ವರ್ಷ ತುಂಬುವುದರೊಳಗೆ ದಿನಕ್ಕೆ ಎಂಟು, ಹತ್ತು. ಬಿಟ್ಟರೆ ಮೈಕೈ ಸೆಳೆತ, ಮೂಗು ಕಣ್ಣಲ್ಲಿ ನೀರು, ಭೇದಿ, ರಾತ್ರಿಯಿಡೀ ನಿದ್ದೆಯಿಲ್ಲ. ಇದನ್ನು ನಾವು 'ಕೊಬ್ಬು' ಎನ್ನುತ್ತೇವೆ. ಆ ಔಷಧಿಗೆ ಒಗ್ಗಿದ ಯಾರ ದೇಹವಾದರೂ ಹಾಗೇ ಮಾಡುತ್ತದೆ.

ತಾಯಿ ಕಾರ್ಡು ಇನ್ನೊಂದು ಕಥೆ ಹೇಳಿತು. ಆರು, ಹತ್ತು, ಹದಿನಾಲ್ಕು ವಾರದ ಚುಚ್ಚುಮದ್ದು ಎಲ್ಲ ಹೊತ್ತಿಗೆ ಸರಿಯಾಗಿ ಆಗಿತ್ತು. ಒಂಬತ್ತು ತಿಂಗಳದ್ದು ಮಾತ್ರ ಆರು ವಾರ ತಡ. ಬೆನ್ನುನೋವು, ಮಾತ್ರೆಯ ಮಂಪರು ಎಲ್ಲದರ ನಡುವೆಯೂ ಮಗುವನ್ನು ಸೊಂಟಕ್ಕೇರಿಸಿಕೊಂಡು ಲಸಿಕೆಗೆ ಹೋಗಿದ್ದವಳು ಅವಳು. 16ರಿಂದ 24 ತಿಂಗಳೊಳಗೆ ಹಾಕಿಸಬೇಕಾದ ಲಸಿಕೆಯ ಜಾಗ ಖಾಲಿಯಿತ್ತು. ಆ ಹೊತ್ತಿಗೆ ಮಗು ತಂದೆಯ 'ಉತ್ತಮ ವಾತಾವರಣ'ದಲ್ಲಿತ್ತು.

ಇಷ್ಟು ಕೇಳಿ ನಿಮಗೆ ಅವಳ ಪರ ಒಂದು ಆವೇಶ ಬಂದಿರಬಹುದು. ನನಗೂ ಬಂದಿತ್ತು. ಆದರೆ ನಮ್ಮ ವರದಿ ಮಗುವಿನ ವಿಷಯದಲ್ಲಿ ಸುಳ್ಳು ಹೇಳಬಾರದು. ಅವಳೇ ಹೇಳಿದ ಒಂದು ಮಾತಿದೆ. ಒಂದು ಮಧ್ಯಾಹ್ನ ಮಾತ್ರೆ ಮುಗಿದಿತ್ತು. ಮಲಗಿದ್ದ ಮಗುವನ್ನು ಒಳಗೆ ಬಿಟ್ಟು, ಹೊರಗಿನಿಂದ ಬೀಗ ಹಾಕಿಕೊಂಡು ಮೆಡಿಕಲ್ ಶಾಪಿಗೆ ಓಡಿದ್ದಳು. ಬರುವಷ್ಟರಲ್ಲಿ ಮಗು ಎದ್ದು ಅತ್ತೂ ಅತ್ತೂ ನೀಲಿಗಟ್ಟಿತ್ತು. ಹೇಳಿ ಮುಗಿಸಿ, "ಅದನ್ನೂ ಬರೀತೀರಾ?" ಎಂದಳು.

"ಬರೀತೀನಮ್ಮ" ಎಂದೆ. "ಅವರು ಹೇಳಿದರೆ ಅದು ಆರೋಪ. ನೀನೇ ಹೇಳಿ, ಇನ್ನು ಮುಂದೆ ಹಾಗಾಗದಂತೆ ಏನು ಮಾಡ್ತೀಯ ಅಂತಾನೂ ಹೇಳಿದರೆ ಜಡ್ಜು ನಂಬ್ತಾರೆ."

ಆ ರಾತ್ರಿ ಅಕ್ಕ, ತಂಗಿ, ನಾನು ಮೂವರೂ ಕೂತು ಯೋಚಿಸಿದೆವು. ಚಟ ಬಿಟ್ಟವರು ಮತ್ತೆ ಒಂದೆರಡು ಸಲ ಜಾರುವುದು ಸಾಮಾನ್ಯ. ಜಾರುವುದೇ ಇಲ್ಲ ಎಂದು ಬರೆಸಿಕೊಂಡರೆ ಅವಳು ಬಚ್ಚಿಡುತ್ತಾಳೆ, ಬಚ್ಚಿಟ್ಟಾಗಲೇ ಮಗುವಿಗೆ ಅಪಾಯ. ಆದ್ದರಿಂದ ಹೀಗೆ ಬರೆದೆವು: ಡಾಕ್ಟರು ಕೊಡುವ ಔಷಧಿ ಅಕ್ಕನ ಪೆಟ್ಟಿಗೆಯಲ್ಲಿರಬೇಕು. ಮಾತ್ರೆ ಬೇಕೆನಿಸಿದ ದಿನ, ನುಂಗುವ ಮೊದಲಾಗಲಿ ನಂತರವಾಗಲಿ, ಮುಚ್ಚಿಡದೆ ಅಕ್ಕನಿಗೆ ಹೇಳಬೇಕು. ಆ ದಿನ ಮಗುವಿನ ಪಕ್ಕ ಮಲಗುವುದು ಅಕ್ಕ. ಡಾಕ್ಟರು ಹೇಳಿದಾಗ ಮೂತ್ರ ಪರೀಕ್ಷೆ ಮಾಡಿಸಬೇಕು. ತಿಂಗಳಿಗೊಮ್ಮೆ ನಾನು ಭೇಟಿ ಕೊಡಬೇಕು.

ಎರಡನೇ ವರದಿಯಲ್ಲಿ ಪೆಟ್ಟು, ಒಡವೆ, ಮಾತ್ರೆ, ಬೀಗ ಎಲ್ಲವೂ ತಾರೀಖಿನ ಕ್ರಮದಲ್ಲಿ ಇದ್ದವು. ಒಡವೆ ರಸೀತಿಯ ನಕಲನ್ನೂ ಲಗತ್ತಿಸಿದೆ. ಮೊದಲು ಭಾನುವಾರಗಳಂದು ಮಗುವನ್ನು ನೋಡಲು ಅವಕಾಶ ಸಿಕ್ಕಿತು. ಮೂರು ತಿಂಗಳ ನಂತರ, ಆ ಷರತ್ತುಗಳ ಮೇಲೆಯೇ, ಮಗು ತಾಯಿಯ ಹತ್ತಿರ ಬಂತು. ಬಂದ ನಾಲ್ಕನೇ ತಿಂಗಳು ಅವಳು ಒಮ್ಮೆ ಜಾರಿದಳು. ಆದರೆ ಅಕ್ಕನಿಗೆ ಹೇಳಿದಳು, ಅಕ್ಕ ನನಗೆ ಫೋನು ಮಾಡಿದಳು. ಮಗು ಎರಡು ರಾತ್ರಿ ಅಕ್ಕನ ಪಕ್ಕ ಮಲಗಿತು, ಇವಳು ಮರುದಿನವೇ ಡಾಕ್ಟರ ಹತ್ತಿರ ಹೋದಳು. ಅದನ್ನೂ ಕೋರ್ಟಿಗೆ ತಿಳಿಸಿದೆ. ಮಗುವನ್ನು ಕಿತ್ತುಕೊಳ್ಳಲಿಲ್ಲ. ಮೂಲ ಪ್ರಕರಣ ಇನ್ನೂ ನಡೆಯುತ್ತಿದೆ.

ಒಂದು ವಿಷಯ ನನಗೆ ತಡವಾಗಿ ತಿಳಿಯಿತು, ನಿಮಗೆ ಮೊದಲೇ ತಿಳಿದಿರಲಿ. 2017ರ ಮಾನಸಿಕ ಆರೋಗ್ಯ ಕಾಯ್ದೆ ಮದ್ಯ, ಮಾದಕ ವಸ್ತುಗಳಿಂದ ಬರುವ ಮಾನಸಿಕ ತೊಂದರೆಗಳನ್ನೂ ಒಳಗೊಳ್ಳುತ್ತದೆ. ಚಿಕಿತ್ಸೆಗೆ ದಾಖಲಾದ ತಾಯಿಯಿಂದ ಮೂರು ವರ್ಷದೊಳಗಿನ ಮಗುವನ್ನು ಸಾಮಾನ್ಯವಾಗಿ ಬೇರ್ಪಡಿಸಬಾರದೆಂದು ಅದರ 21ನೇ ಕಲಂ ಹೇಳುತ್ತದೆ. ಮಗುವಿಗೆ ಅಪಾಯವೆಂದು ಮನೋವೈದ್ಯರಿಗೆ ಅನಿಸಿದರೆ ಬೇರಿಡಬಹುದು, ಆದರೆ 15 ದಿನಕ್ಕೊಮ್ಮೆ ಮತ್ತೆ ಪರಿಶೀಲಿಸಬೇಕು. ಇವಳು ಆಸ್ಪತ್ರೆಗೆ ಸೇರಿದಾಗ ಮಗುವಿಗೆ ಹದಿನೇಳು ತಿಂಗಳು. ಹೀಗೊಂದು ಹಕ್ಕಿದೆಯೆಂದು ಅವಳಿಗಾಗಲಿ ಅವಳ ಅಕ್ಕನಿಗಾಗಲಿ ಗೊತ್ತಿರಲಿಲ್ಲ. ಬಾಗಿಲಲ್ಲೇ ಅತ್ತೆ ಮಗುವನ್ನು ಎತ್ತಿಕೊಂಡು ಹೋದರು. ಮತ್ತೆ ಮುಟ್ಟಲು ಏಳು ತಿಂಗಳಿಗೂ ಹೆಚ್ಚು ಕಾಲ ಹಿಡಿಯಿತು.

ಏಮ್ಸ್ ನಡೆಸಿದ ರಾಷ್ಟ್ರೀಯ ಸಮೀಕ್ಷೆಯ 2019ರ ವರದಿಯ ಪ್ರಕಾರ ಮದ್ಯ ಕುಡಿಯುವ ಗಂಡಸರು ಶೇ. 27.3, ಹೆಂಗಸರು ಶೇ. 1.6. ಹಾಗಾಗಿ ಚಟ ಎಂದರೆ ಕುಡುಕ ಗಂಡನ ಚಿತ್ರವೇ ನಮ್ಮ ಕಣ್ಣಿಗೆ ಬರುತ್ತದೆ. ಗಂಡ ಕುಡಿದರೆ 'ಸಹಿಸಿಕೋ, ತಂದೆ ತಾನೇ' ಎಂದು ಹೆಂಡತಿಗೆ ಬುದ್ಧಿ ಹೇಳುವ ಸಮಾಜ, ಹೆಂಡತಿ ಮಾತ್ರೆ ನುಂಗಿದರೆ ಅವಳು ತಾಯಿಯೇ ಅಲ್ಲ ಎನ್ನುತ್ತದೆ. ಹೆಂಗಸರು ಅಡಿಗೆಮನೆಯ ಡಬ್ಬದಲ್ಲಿ ಮಾತ್ರೆ ಬಚ್ಚಿಡುವುದು ಈ ಭಯಕ್ಕೇ.

ಆದ್ದರಿಂದ ಗೆಳತಿಯರೆ, ಇಂಥ ಪ್ರಕರಣ ನಿಮ್ಮ ಮುಂದೆ ಬಂದಾಗ ಇಷ್ಟನ್ನು ಕೇಳಿ. ಮೊದಲ ಮಾತ್ರೆ ಯಾವ ನೋವಿಗೆ, ಯಾರ ಕೈಯಿಂದ ಬಂತು? ಅದಕ್ಕೆ ಮೊದಲು ಆ ಮನೆಯಲ್ಲಿ ಏನೇನು ನಡೆಯಿತು? ಒಡವೆ ಈಗ ಎಲ್ಲಿದೆ, ಯಾರ ಹೆಸರಿನಲ್ಲಿದೆ? ಬೇರೆಯವರ ಕೈ ಸೇರಿದ ವರದಕ್ಷಿಣೆಯನ್ನು ಹೆಣ್ಣಿಗೇ ಒಪ್ಪಿಸಬೇಕೆಂದು 1961ರ ವರದಕ್ಷಿಣೆ ನಿಷೇಧ ಕಾಯ್ದೆಯ 6ನೇ ಕಲಂ ಹೇಳುತ್ತದೆ. ಮಗುವಿನ ಆರೈಕೆಯನ್ನು ಆ ಎಲ್ಲ ದಿನ ಮಾಡಿದವರು ಯಾರು? ತಾಯಿ ಜಾರಿದ ರಾತ್ರಿ ಮಗು ಯಾರ ಪಕ್ಕ ಮಲಗುತ್ತದೆ? ಪ್ರತಿ ಉತ್ತರದ ಮುಂದೆ ತಿಂಗಳು, ವರ್ಷ ಬರೆಯಿರಿ. ಸುಮ್ಮನೆ ಕೂತವಳನ್ನು 'ಸ್ಪಂದಿಸುವುದಿಲ್ಲ' ಎಂದು ಬರೆಯುವ ಮೊದಲು ಇನ್ನೊಂದು ಸಲ ಹೋಗಿ ಬನ್ನಿ.

ಕಳೆದ ಭೇಟಿಯಲ್ಲಿ ಅವಳು ತಾಯಿ ಕಾರ್ಡು ತಂದು ತೋರಿಸಿದಳು. ಖಾಲಿಯಿದ್ದ ಜಾಗದಲ್ಲಿ ಈಗ ತಾರೀಖಿದೆ. "ತಡವಾಯ್ತು ಮೇಡಂ, ಆದ್ರೆ ಹಾಕಿಸ್ದೆ" ಎಂದಳು. ಅದನ್ನೂ ವರದಿಯಲ್ಲಿ ಬರೆದಿದ್ದೇನೆ.