ಕಪ್ಪು ಗೆಲ್ಲುವ ಮೊದಲು ಕಾಲು ಉಳಿಸಿಕೊಳ್ಳಿ

(ಸಂಘದ ಬೆಳ್ಳಿಹಬ್ಬದ ಕಬಡ್ಡಿ ಪಂದ್ಯಕ್ಕೆ ಆರು ವಾರ ಮೊದಲು, ಸಂಘದ ಆವರಣದಲ್ಲಿ ಸೇರಿದ್ದ ಆಟಗಾರರ ಸಭೆಯಲ್ಲಿ ನಿರ್ದೇಶಕರೊಬ್ಬರು ಮಾಡಿದ ಭಾಷಣ)



ನಮ್ಮ ಹಾಲು ಉತ್ಪಾದಕರ ಸಹಕಾರ ಸಂಘಕ್ಕೆ ಇಪ್ಪತ್ತೈದು ವರ್ಷ ತುಂಬಿದ ಈ ಸಂತೋಷದಲ್ಲಿ ಕಬಡ್ಡಿ ಪಂದ್ಯ ಏರ್ಪಡಿಸಿದ್ದೇವೆ. ನಾನು ಡಾಕ್ಟರೂ ಅಲ್ಲ, ಕೋಚೂ ಅಲ್ಲ. ಆದರೆ ಪ್ರತಿವರ್ಷ ಹಬ್ಬದ ಪಂದ್ಯ ಮುಗಿದ ಮೇಲೆ ಇಬ್ಬರೋ ಮೂವರೋ ಕುಂಟುತ್ತಾ ಮನೆಗೆ ಹೋಗುವುದನ್ನು ನೀವೆಲ್ಲಾ ನೋಡಿದ್ದೀರಿ. ಕಪ್ಪು ಒಂದು ದಿನದ ಸಂಭ್ರಮ. ಮಂಡಿ ಹೋದರೆ ಕುಕ್ಕರಗಾಲಲ್ಲಿ ಕೂತು ಹಾಲು ಕರೆಯೋಕಾಗಲ್ಲ, ಗದ್ದೆಗೆ ಇಳಿಯೋಕಾಗಲ್ಲ. ಆದ್ದರಿಂದ ಈ ಎರಡು ಮಾತು.

ಹೋರಿ ಪಳಗಿಸುವಾಗ ಮೊದಲ ದಿನವೇ ಭಾರದ ಗಾಡಿಗೆ ಹೂಡುತ್ತೀವಾ? ಇಲ್ಲ. ಮೊದಲು ಬರೀ ನೊಗ, ಆಮೇಲೆ ಒಂದು ಮರದ ತುಂಡು, ಆಮೇಲೆ ಬರಿಗಾಡಿ, ಕೊನೆಗೆ ಭಾರ. ದನಕ್ಕೆ ತೋರಿಸುವ ಈ ವಿವೇಕವನ್ನು ನಮ್ಮ ಕಾಲಿಗೆ ಮಾತ್ರ ತೋರಿಸುವುದಿಲ್ಲ. ವರ್ಷವೆಲ್ಲಾ ಆಡದೆ ಇದ್ದು, ಹಬ್ಬದ ದಿನ ಚಡ್ಡಿ ಹಾಕಿಕೊಂಡು ನೇರವಾಗಿ ಅಂಕಣಕ್ಕೆ ಇಳಿಯುತ್ತೇವೆ.

"ನಾವು ದಿನವಿಡೀ ಹೊಲದಲ್ಲಿ ದುಡಿಯೋರು, ನಮಗ್ಯಾಕಣ್ಣ ವ್ಯಾಯಾಮ?" ಅಂತ ಕೆಲವರು ಕೇಳುತ್ತಾರೆ. ಹೊಲದ ಕೆಲಸ ಒಂದೇ ಸಮನೆ ನಡೆಯುವಂಥದ್ದು. ಕಬಡ್ಡಿ ಹಾಗಲ್ಲ. ಒಂದು ದಾಳಿಗೆ 30 ಸೆಕೆಂಡು. ಅಷ್ಟರಲ್ಲೇ ನುಗ್ಗಬೇಕು, ಗಕ್ಕನೆ ನಿಲ್ಲಬೇಕು, ತಿರುಗಬೇಕು, ನೆಗೆಯಬೇಕು. ಎದುರಾಳಿ ಪಾದ ಹಿಡಿದುಕೊಂಡಿರುತ್ತಾನೆ, ಮೈ ಮಾತ್ರ ಗೆರೆಯ ಕಡೆ ತಿರುಗುತ್ತೆ. ಆ ತಿರುಚೆಲ್ಲಾ ಮಂಡಿ ಮೇಲೆ ಬೀಳುತ್ತೆ. ಮಂಡಿಯೊಳಗೆ ಎರಡು ಮೂಳೆ ಹಿಡಿದಿಡುವ ಹಗ್ಗದಂಥ ಪಟ್ಟಿಗಳಿವೆ. ಡಾಕ್ಟರು ಅದಕ್ಕೆ ಲಿಗಮೆಂಟ್ ಅನ್ನುತ್ತಾರೆ. ಅದು ಕಿತ್ತರೆ ಕೆಲವರಿಗೆ ಆಪರೇಷನ್ನೇ ಆಗಬೇಕು. ಆಪರೇಷನ್ ಆದಮೇಲೆ ಮತ್ತೆ ಆಡಲು ಸಾಮಾನ್ಯವಾಗಿ ಒಂಬತ್ತು ತಿಂಗಳಾದರೂ ಬೇಕು.

ದೊಡ್ಡ ಆಟಗಾರರಿಗೂ ಇದು ತಪ್ಪಿದ್ದಲ್ಲ. ನಮ್ಮ ಬೆಂಗಳೂರು ಬುಲ್ಸ್‌ನಲ್ಲಿ ಹೆಸರು ಮಾಡಿದ ಪವನ್ ಸೆಹ್ರಾವತ್, 2022ರ ಪ್ರೊ ಕಬಡ್ಡಿಯಲ್ಲಿ ತಮಿಳ್ ತಲೈವಾಸ್ ಪರ ಮೊದಲ ಪಂದ್ಯದಲ್ಲೇ ಮಂಡಿಗೆ ಪೆಟ್ಟು ಮಾಡಿಕೊಂಡು ಇಡೀ ಸೀಸನ್ ಹೊರಗೆ ಕೂತರು. ಅವಸರ ಪಟ್ಟು ಅಂಕಣಕ್ಕೆ ಇಳಿಯಲಿಲ್ಲ. 2023ರ ಅಕ್ಟೋಬರಿನಲ್ಲಿ ಹಾಂಗ್‌ಝೌ ಏಷ್ಯನ್ ಗೇಮ್ಸ್‌ನಲ್ಲಿ ಅವರ ನಾಯಕತ್ವದಲ್ಲೇ ಭಾರತ ಚಿನ್ನ ಗೆದ್ದಿತು. ಕೋಟಿ ಬೆಲೆಯ ಆಟಗಾರ ತಿಂಗಳುಗಟ್ಟಲೆ ಕಾಯಬಹುದಾದರೆ, ನಾವು ಆರು ವಾರ ತಯಾರಿ ಮಾಡಬಾರದೇ?

ಈ ಆರು ವಾರ, ವಾರಕ್ಕೆ ಮೂರು ದಿನ, ಒಂದು ದಿನ ಬಿಟ್ಟು ಒಂದು ದಿನ ಸಾಕು. ಮೊದಲ ಎರಡು ವಾರ ಕಾಲು ಗಂಟೆ ನಿಧಾನ ಓಟ, ಬಸ್ಕಿ, ಹಿಮ್ಮಡಿ ಎತ್ತಿ ಇಳಿಸುವುದು, ಒಂಟಿ ಕಾಲಲ್ಲಿ ಅರ್ಧ ನಿಮಿಷ ನಿಲ್ಲುವುದು. ಈ ಒಂಟಿ ಕಾಲಿನ ಅಭ್ಯಾಸವನ್ನು ಸಣ್ಣದು ಅನ್ನಬೇಡಿ. ಒಂದು ಸಲ ಉಳುಕಿದ ಕಾಲು ಮತ್ತೆ ಮತ್ತೆ ಉಳುಕದಂತೆ ಇದು ಕಾಯುತ್ತದೆ.

ಮೂರು, ನಾಲ್ಕನೇ ವಾರ ಓಟದ ವೇಗ ಏರಿಸಿ. ಜೊತೆಗಾರ ಹಿಂದಿನಿಂದ ಎರಡೂ ಕಾಲು ಒತ್ತಿ ಹಿಡಿಯಲಿ, ನೀವು ಮಂಡಿಯೂರಿ ಮೈ ನೆಟ್ಟಗಿಟ್ಟು ನಿಧಾನವಾಗಿ ಮುಂದಕ್ಕೆ ಬಾಗಿ, ಕೈ ಊರಿ. ತೊಡೆಯ ಹಿಂಭಾಗದ ಸ್ನಾಯು ಹರಿಯುವುದನ್ನು ತಡೆಯಲು ಇದು ಬಹಳ ಒಳ್ಳೆಯದು. ಮೊದಲು ಐದು ಸಲ ಸಾಕು, ನಿಧಾನ ಹೆಚ್ಚಿಸಿ. ನೆಗೆದು ಇಳಿಯುವಾಗ ಮಂಡಿ ಬಗ್ಗಿರಲಿ, ಬೆರಳಿನ ನೇರಕ್ಕೆ ಇರಲಿ, ಒಳಗಡೆ ವಾಲಬಾರದು.

ಹೆಣ್ಣುಮಕ್ಕಳು ಇದನ್ನು ಇನ್ನೂ ಗಮನವಿಟ್ಟು ಮಾಡಬೇಕು. ಮಂಡಿಯ ಲಿಗಮೆಂಟ್ ಪೆಟ್ಟು ಅವರಿಗೇ ಹೆಚ್ಚು. ಹೆದರಬೇಕಾಗಿಲ್ಲ. ನಮ್ಮ ಉಡುಪಿ ಜಿಲ್ಲೆಯ ಮಮತಾ ಪೂಜಾರಿ 2010 ಮತ್ತು 2014ರ ಏಷ್ಯನ್ ಗೇಮ್ಸ್‌ನಲ್ಲಿ ಚಿನ್ನ ತಂದವರು, ಅರ್ಜುನ ಪ್ರಶಸ್ತಿ ಪಡೆದವರು.

ಐದು, ಆರನೇ ವಾರ ಅಂಕುಡೊಂಕು ಓಟ, ಓಡುತ್ತಾ ಗಕ್ಕನೆ ನಿಲ್ಲುವುದು, ಹಿಡಿತದ ಅಭ್ಯಾಸ. ಕೊನೆಯ ಎರಡು ದಿನ ಹಗುರವಾಗಿರಲಿ. ಪಂದ್ಯದ ದಿನ ಇಳಿಯುವ ಮೊದಲು ಕಾಲು ಗಂಟೆ ಮೈ ಬಿಸಿ ಮಾಡಿಕೊಳ್ಳಲೇಬೇಕು. ನಿಧಾನ ಓಟ, ಅಡ್ಡ ಓಟ, ಕಾಲು ಬೀಸುವುದು, ಬಸ್ಕಿ, ಆಮೇಲೆ ಜೋರು ಓಟ. ಒಂದೇ ಕಡೆ ನಿಂತು ಬಹಳ ಹೊತ್ತು ಎಳೆದು ಹಿಡಿಯುವ ವ್ಯಾಯಾಮ ಆಟ ಮುಗಿದ ಮೇಲಿರಲಿ. ರಾತ್ರಿ ನಿದ್ದೆ ಚೆನ್ನಾಗಿ ಮಾಡಿ. ಡೇರಿಗೆ ಹಾಕುವ ಹಾಲಿನಲ್ಲಿ ಒಂದು ಲೋಟ ಮನೆಯ ಆಟಗಾರನಿಗೂ ಉಳಿಯಲಿ. ಮುದ್ದೆ ಜೊತೆಗೆ ಹುರುಳಿ, ಕಾಳು, ಮೊಟ್ಟೆ ಇರಲಿ.

ಇಷ್ಟೆಲ್ಲಾ ಮಾಡಿದರೂ ಪೆಟ್ಟು ಬೀಳಬಹುದು. ಆಗ ಆಟ ನಿಲ್ಲಿಸಿ. ಐಸನ್ನು ಬಟ್ಟೆಯಲ್ಲಿ ಸುತ್ತಿ 15ರಿಂದ 20 ನಿಮಿಷ ಇಡಿ, ಬರೀ ಚರ್ಮಕ್ಕೆ ಇಡಬೇಡಿ. ಕ್ರೇಪ್ ಬ್ಯಾಂಡೇಜ್ ಸುತ್ತಿ, ಬಹಳ ಬಿಗಿ ಬೇಡ. ಕಾಲನ್ನು ದಿಂಬಿನ ಮೇಲೆ ಎತ್ತರಕ್ಕಿಡಿ. ಮೊದಲ ಎರಡು ಮೂರು ದಿನ ಎಣ್ಣೆ ಹಾಕಿ ನೀವುವುದು, ಬಿಸಿನೀರು ಕಾಯಿಸಿ ಹುಯ್ಯುವುದು ಬೇಡ. ಅದರಿಂದ ಊತ ಹೆಚ್ಚುತ್ತದೆ. ಊತ ಇಳಿಯುತ್ತಾ ಬಂದಂತೆ ನೋವು ತಡೆಯುವಷ್ಟು ನಡೆಯಿರಿ. ತಿಂಗಳುಗಟ್ಟಲೆ ಮಲಗಿದರೆ ಕಾಲು ಸೊರಗುತ್ತದೆ.

ಯಾವಾಗ ಆಸ್ಪತ್ರೆಗೇ ಹೋಗಬೇಕು? ನಾಲ್ಕು ಹೆಜ್ಜೆ ಊರಲು ಆಗದಿದ್ದರೆ, ಹರಡಿನ ಮೂಳೆ ಒತ್ತಿದರೆ ನೋವಾದರೆ, ಮಂಡಿಯಲ್ಲಿ ಠಪ್ ಅಂತ ಸದ್ದು ಬಂದು ಕೆಲವು ಗಂಟೆಯಲ್ಲೇ ಊದಿಕೊಂಡರೆ, ನಡೆಯುವಾಗ ಮಂಡಿ ಜಾರಿದಂತಾದರೆ, ಕಾಲು ಸೊಟ್ಟಗಾಗಿದ್ದರೆ, ಬೆರಳು ಜೋಮು ಹಿಡಿದರೆ ತಡಮಾಡಬೇಡಿ. ಮೂಳೆ ಮುರಿದಿದೆಯೋ ಇಲ್ಲವೋ ಕೈಯಲ್ಲಿ ಮುಟ್ಟಿ ಖಚಿತವಾಗಿ ಹೇಳಲಾಗದು, ಎಕ್ಸ್‌ರೇ ಬೇಕು. ಎಕ್ಸ್‌ರೇಯಲ್ಲಿ ಲಿಗಮೆಂಟ್ ಕಾಣುವುದಿಲ್ಲ. "ಮೂಳೆ ಸರಿಯಾಗಿದೆ" ಅಂದಮೇಲೂ ಮಂಡಿ ಜಾರುತ್ತಿದ್ದರೆ ಮೂಳೆ ಡಾಕ್ಟರಿಗೆ ತೋರಿಸಿ.

ನೋವಿನ ಮಾತ್ರೆ, ಸ್ಪ್ರೇ ನೋವನ್ನು ಮುಚ್ಚುತ್ತವೆ, ಪೆಟ್ಟನ್ನು ವಾಸಿ ಮಾಡುವುದಿಲ್ಲ. ಪೆಟ್ಟಾದ ಕಾಲಲ್ಲಿ ಇನ್ನೊಂದು ಕಾಲಿನಷ್ಟೇ ಕುಂಟಿ ನೆಗೆದು, ಓಡಿ, ತಿರುಗಿ, ನೋವಿಲ್ಲ ಅಂದಾಗಲೇ ಮತ್ತೆ ಅಂಕಣ.

ಇನ್ನು ನಮ್ಮ ಕರ್ತವ್ಯ. ಅಂಕಣದ ಕಲ್ಲು ಆರಿಸಿ, ಮಣ್ಣು ಸಡಿಲ ಮಾಡಿ, ಹದವಾಗಿ ನೀರು ಹಾಕಿಸುವ ಕೆಲಸ ಸಂಘದ್ದು. ಕಪ್ಪು ಒಂದು ಗೇಣು ಚಿಕ್ಕದಾದರೂ ಚಿಂತೆಯಿಲ್ಲ, ಐಸ್ ಡಬ್ಬಿ, ಬ್ಯಾಂಡೇಜ್, ಆಸ್ಪತ್ರೆಗೆ ಒಂದು ವಾಹನ ಅಂಕಣದ ಪಕ್ಕದಲ್ಲಿರಬೇಕೆಂದು ಆಡಳಿತ ಮಂಡಳಿಯಲ್ಲಿ ಕೇಳಿಕೊಳ್ಳುತ್ತೇನೆ. ಗೆರೆಯ ಪಕ್ಕ ನಿಲ್ಲುವ ಹಿರಿಯರಲ್ಲೂ ಒಂದು ವಿನಂತಿ. ಬಿದ್ದ ಹುಡುಗನಿಗೆ "ಏನಾಗಿಲ್ಲ, ಏಳೋ, ಊರ ಮರ್ಯಾದೆ" ಅಂತ ಕೂಗಬೇಡಿ. ಅವನು ನಮ್ಮ ಮಾತಿಗೆ ಎದ್ದೇಳುತ್ತಾನೆ. ಆಮೇಲೆ ಕಾಲು ಅನುಭವಿಸುವವನು ಅವನೊಬ್ಬನೇ.

ಒಬ್ಬರಿಗೆ ಕಷ್ಟವಾದರೆ ಎಲ್ಲರೂ ಹೆಗಲು ಕೊಡುವುದೇ ಸಹಕಾರ. ನಾಳೆ ಬೆಳಿಗ್ಗೆ ಹಾಲು ಹಾಕಿದ ಮೇಲೆ ಶಾಲೆ ಮೈದಾನಕ್ಕೆ ಎಲ್ಲಾ ಆಟಗಾರರೂ ಬನ್ನಿ, ಮೊದಲ ದಿನದ ಓಟ ಶುರು ಮಾಡೋಣ.

ಜೈ ಸಹಕಾರ! ಜೈ ಕರ್ನಾಟಕ!