ವಸತಿ ಶಾಲೆಯ ಮಕ್ಕಳ ಆರೋಗ್ಯ ಮತ್ತು ಮೊಬೈಲ್



ವಸತಿ ಶಾಲೆಯ ಮಾತು ಆಡಲು ತುಮಕೂರಿಗಿಂತ ತಕ್ಕ ಊರಿಲ್ಲ. 2019ರ ಜನವರಿ 21ರಂದು ಲಿಂಗೈಕ್ಯರಾದ ಶಿವಕುಮಾರ ಸ್ವಾಮೀಜಿಯವರು ಇಲ್ಲಿನ ಸಿದ್ಧಗಂಗಾ ಮಠದಲ್ಲಿ ಅನ್ನ, ಅಕ್ಷರ, ಆಶ್ರಯಗಳ ತ್ರಿವಿಧ ದಾಸೋಹ ನಡೆಸಿ ಹಳ್ಳಿಯ ಮಕ್ಕಳನ್ನು ಸಾವಿರಗಟ್ಟಲೆ ಓದಿಸಿದರು. ಇಂದು ಗುಬ್ಬಿ, ಕುಣಿಗಲ್ ಸೀಮೆಯ ಮಕ್ಕಳಿಗೆ ಮೊರಾರ್ಜಿ ದೇಸಾಯಿಯಂಥ ಸರ್ಕಾರಿ ವಸತಿ ಶಾಲೆಗಳೂ ಇವೆ. ಆಶ್ರಯ ಕೊಟ್ಟ ಮೇಲೆ ಆರೋಗ್ಯದ ಹೊಣೆಯೂ ನಮ್ಮದೇ.

ಮನೆಯಲ್ಲಿ ಮಗು ಎರಡು ದಿನ ತಟ್ಟೆಯಲ್ಲಿ ಅನ್ನ ಬಿಟ್ಟರೆ ತಾಯಿಗೆ ತಿಳಿಯುತ್ತದೆ. ಮೊರಾರ್ಜಿ ಶಾಲೆಯಲ್ಲಿ 6ರಿಂದ 10ನೇ ತರಗತಿವರೆಗೆ, ತರಗತಿಗೆ 50ರಂತೆ, 250 ಮಕ್ಕಳು. ಅಷ್ಟೂ ತಟ್ಟೆಗಳ ಮೇಲೆ ಕಣ್ಣಿಡಲು ಒಬ್ಬ ವಾರ್ಡನ್‌ಗಾಗಲಿ ಶುಶ್ರೂಷಕಿಗಾಗಲಿ ಆಗದ ಮಾತು. ಮೊಬೈಲ್ ಬೇಕಾಗಿರುವುದು ಇಲ್ಲಿಯೇ.

ಮೊದಲನೆಯದು, ಬೆಳವಣಿಗೆ. 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ವರ್ಷಕ್ಕೊಮ್ಮೆ ಶಾಲೆಗೆ ಬಂದು ತಪಾಸಣೆ ಮಾಡಬೇಕು. ಅದು ಒಳ್ಳೆಯದೇ. ಆದರೆ ಒಂದು ದಿನದ ಅಳತೆಯಿಂದ ತಿಳಿಯುವುದು ಸ್ವಲ್ಪ. ಹನ್ನೆರಡು ವರ್ಷದ ಹುಡುಗಿ ಜೂನ್‌ನಲ್ಲಿ 32 ಕೆ.ಜಿ. ಇದ್ದು, ಡಿಸೆಂಬರ್‌ನಲ್ಲೂ 32 ಕೆ.ಜಿ. ಇದ್ದರೆ ವೈದ್ಯರು ನೋಡಲೇಬೇಕು. ಊಟ ಸೇರುತ್ತಿಲ್ಲವೋ, ಜಂತುಹುಳುವೋ, ಕ್ಷಯದ ಸುಳಿವೋ, ಮನೆಯ ಕೊರಗೋ? ರಿಜಿಸ್ಟರಿನಲ್ಲಿ ಆ ಎರಡು ಅಂಕಿಗಳು ಬೇರೆ ಬೇರೆ ಪುಟದಲ್ಲಿ ಉಳಿಯುತ್ತವೆ. ತಿಂಗಳಿಗೊಮ್ಮೆ ತೂಕ ನೋಡಿ ಮೊಬೈಲಿನಲ್ಲಿ ದಾಖಲಿಸಿದರೆ ಐದು ವರ್ಷದ ಬೆಳವಣಿಗೆ ಒಂದೇ ಗೆರೆಯಾಗಿ ಕಾಣುತ್ತದೆ. ಗೆರೆ ಮೇಲೇರದೆ ನಿಂತ ಮಗುವಿನ ಹೆಸರನ್ನು ಮೊಬೈಲೇ ಎತ್ತಿ ತೋರಿಸಬಲ್ಲದು.

ಎರಡನೆಯದು, ಹರಡುವ ಕಾಯಿಲೆ. ನಾಲ್ವರಿಗೆ ಬೇರೆ ಬೇರೆ ದಿನ ಜ್ವರ ಬಂದರೆ ನಾಲ್ಕು ಜ್ವರದಂತೆ ತೋರುತ್ತದೆ. ಕೊಠಡಿವಾರು ಬರೆದಿಟ್ಟರೆ ನಾಲ್ವರೂ ಒಂದೇ ಕೊಠಡಿಯವರೆಂದು ಗೊತ್ತಾಗಿ, ನೀರು, ಸೊಳ್ಳೆ, ಅಡುಗೆಮನೆ ಎಲ್ಲವನ್ನೂ ಅಂದೇ ಪರೀಕ್ಷಿಸಬಹುದು. ಕಜ್ಜಿಯಂತೂ ಕೊಠಡಿಯವರೆಲ್ಲರಿಗೂ ಒಟ್ಟಿಗೇ ಔಷಧಿ ಹಚ್ಚದಿದ್ದರೆ ಮರಳಿ ಬರುತ್ತದೆ.

ಮೂರನೆಯದು, ರಕ್ತಹೀನತೆ. ಹನ್ನೆರಡು ದಾಟಿದ ಹುಡುಗಿಯ ಹಿಮೋಗ್ಲೋಬಿನ್ ಡೆಸಿಲೀಟರಿಗೆ 12 ಗ್ರಾಂಗಿಂತ ಕಡಿಮೆಯಿದ್ದರೆ ಅದು ರಕ್ತಹೀನತೆ. ವಾರಕ್ಕೊಂದು ಕಬ್ಬಿಣಾಂಶದ ನೀಲಿ ಮಾತ್ರೆ ಹಂಚಿದ್ದಷ್ಟೇ ಲೆಕ್ಕವಾಗಬಾರದು. ಊಟವಾದ ಮೇಲೆ ಯಾರು ನುಂಗಿದರು, ಯಾರಿಗೆ ವಾಕರಿಕೆ ಬಂತು, ಮುಂದಿನ ಪರೀಕ್ಷೆಯಲ್ಲಿ ಹಿಮೋಗ್ಲೋಬಿನ್ ಏರಿತೇ ಎಂಬುದೂ ದಾಖಲಾಗಬೇಕು.

ಇಷ್ಟೇ ಮುಖ್ಯವಾದದ್ದು ಮಗುವಿನ ಮಾನ. ಖಾಸಗಿತನ ಮೂಲಭೂತ ಹಕ್ಕೆಂದು ಸುಪ್ರೀಂ ಕೋರ್ಟ್ 2017ರಲ್ಲಿ ತೀರ್ಪಿತ್ತಿದೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ 18 ತುಂಬದವರ ವಿಷಯದಲ್ಲಿ ಪೋಷಕರ ಒಪ್ಪಿಗೆ ಕೇಳುತ್ತದೆ. ಹುಡುಗಿಯ ಮುಟ್ಟಿನ ವಿವರವಾಗಲಿ, ಕಜ್ಜಿಯ ಫೋಟೊ ಆಗಲಿ ಸಿಬ್ಬಂದಿಯ ವಾಟ್ಸ್ಆ್ಯಪ್ ಗುಂಪಿಗೆ ಹೋಗಲೇಬಾರದು. ದಾಖಲೆ ಶುಶ್ರೂಷಕಿ, ವೈದ್ಯರು, ಹೆತ್ತವರು ಇವರಿಗಷ್ಟೇ ಕಾಣಲಿ.

ಆದ್ದರಿಂದ ನನ್ನ ಬೇಡಿಕೆಗಳು ಸರಳ. ಸರಿಯಾದ ತೂಕದ ಯಂತ್ರ ಮೊದಲು ಬರಲಿ, ಆಮೇಲೆ ಆ್ಯಪ್. ಆ್ಯಪ್ ಕನ್ನಡದಲ್ಲಿರಲಿ, ನೆಟ್‌ವರ್ಕ್ ಸಿಗದ ಕಡೆಯೂ ಬರೆದದ್ದು ಉಳಿದು, ಸಿಕ್ಕಾಗ ತಾನೇ ಹೋಗಲಿ. ಕಾಗದದ ರಿಜಿಸ್ಟರನ್ನೂ ಬರೆಯಿರಿ ಎಂದು ಶುಶ್ರೂಷಕಿಗೆ ಎರಡು ಕೆಲಸ ಹೊರಿಸಬೇಡಿ. ಆ್ಯಪ್ ಕೊಡುವ ಪ್ರತಿ ಎಚ್ಚರಿಕೆಗೂ ಒಬ್ಬ ಹೊಣೆಗಾರ, ಒಂದು ಗಡುವು ಇರಲಿ: ಪ್ರಾಥಮಿಕ ಆರೋಗ್ಯ ಕೇಂದ್ರದಿಂದ ಗುಬ್ಬಿ ಅಥವಾ ಕುಣಿಗಲ್ ತಾಲ್ಲೂಕು ಆಸ್ಪತ್ರೆಗೆ, ಅಗತ್ಯವಿದ್ದರೆ ತುಮಕೂರಿನ ಜಿಲ್ಲಾಸ್ಪತ್ರೆಗೆ ಮಗುವನ್ನು ಕರೆದೊಯ್ದದ್ದು ಖಚಿತವಾಗುವವರೆಗೆ ಆ ಎಚ್ಚರಿಕೆ ಅಳಿಯಬಾರದು. ವಿಷಯ ಅದೇ ದಿನ ಹೆತ್ತವರಿಗೆ ಫೋನಿನಲ್ಲಿ ತಿಳಿಯಬೇಕು. ಮಗುವನ್ನು ನಮ್ಮ ಕೈಗೆ ಒಪ್ಪಿಸಿ ಹೋದ ಕೂಲಿಕಾರ ತಾಯಿಗೆ ನಾವು ಕೊಡಬೇಕಾದ ಲೆಕ್ಕ ಇದು.